ಎಂಜಿನ್ನಿಗೆ ಹಚ್ಚಿದ ವಿಭೂತಿ

ಕೊಪ್ಪಳ
ರವಿವಾರ, ೯ ನವೆಂಬರ್ ೨೦೨೫

ಶ್ರೀ ಅಮರಪ್ಪನವರಿಗೆ,

ನಿಮ್ಮ ಮನೆಯಿಂದ ನಿಮ್ಮ ಹೆಂಡತಿ ಲಲಿತಾ ಮಾಡುವ ನಮಸ್ಕಾರಗಳು. ನಾನು ಆರೋಗ್ಯವಾಗಿದ್ದೇನೆ. ನಿಮ್ಮ ಆರೋಗ್ಯವನ್ನು ವಿಚಾರಿಸುವ ಅಗತ್ಯ ಉಳಿದಿಲ್ಲ. ನಿಮ್ಮ ತಂಗಿ ಕಳಕಮ್ಮ ಫೋನು ಮಾಡಿದಾಗಲೆಲ್ಲ ನೀವು ಎಷ್ಟು ರೊಟ್ಟಿ ಉಂಡಿರಿ, ಯಾವ ಪಲ್ಯಕ್ಕೆ ಹೆಸರಿಟ್ಟಿರಿ, ಗಂಗಾವತಿ ಸ್ಟೇಷನ್ನಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತು ಬಂದಿರಿ ಎಂಬುದನ್ನು ಒಂದೂ ಬಿಡದೆ ಹೇಳುತ್ತಾಳೆ. ಮೊನ್ನೆ ಅಲ್ಲಿಯ ಗಾರ್ಡಿಗೆ ಹಸಿರು ಬಾವುಟ ಹಿಡಿಯುವ ಕ್ರಮವನ್ನು ಕಲಿಸಲು ಹೋಗಿ ಮಾತು ಕೇಳಿಸಿಕೊಂಡಿರಂತೆ. ನನಗೆ ಆಶ್ಚರ್ಯವೆನಿಸಲಿಲ್ಲ.

ಪತ್ರ ಬರೆಯುವ ಕಾಲ ಇದಲ್ಲವೆಂದು ನಾನೂ ಬಲ್ಲೆ. ಆದರೆ ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ನೀವು ಅದನ್ನು ಕಳಕಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ. ಸಿಟ್ಟಿನಿಂದ ಮಡಚಿ ದಿಂಬಿನಡಿ ತುರುಕಿದರೂ ಅದು ಅಲ್ಲೇ ಇರುತ್ತದೆ, ನಾಳೆಯಾದರೂ ಓದಲೇಬೇಕಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ದಸರೆಯ ಖಂಡೇಪೂಜೆಯ ದಿನ ಓಣಿಯ ಜನರೆಲ್ಲರ ಎದುರು ನೀವು ಆಡಿ ಹೋದ ಮಾತು ಇದು: ‘ನನ್ನ ಎಂಜಿನ್ ಮೊದಲಿದ್ದಂಗ ಆಗೋತನಕ ಈ ಮನಿ ಹೊಸ್ತಲಾ ತುಳಿಯಂಗಿಲ್ಲ.’ ಆ ಎಂಜಿನ್ ಈಗ ಮೊದಲಿದ್ದುದಕ್ಕಿಂತ ಉತ್ತಮ ಸ್ಥಿತಿಯಲ್ಲಿದೆ. ನಿಮ್ಮ ಷರತ್ತು ಪೂರೈಸಿದೆ. ನೀವು ಮನೆಗೆ ಬರುತ್ತೀರೋ ಇಲ್ಲವೋ ಎಂಬುದೊಂದೇ ಇನ್ನು ಉಳಿದಿರುವ ಪ್ರಶ್ನೆ. ನಾನು ಕರೆಯುವುದಕ್ಕಾಗಿ ಬರೆಯುತ್ತಿಲ್ಲ. ಅರವತ್ತೇಳು ವರ್ಷದ ಮನುಷ್ಯನಿಗೆ ತನ್ನ ಮನೆಯ ದಾರಿ ಗೊತ್ತಿರಬೇಕು. ನಿಮ್ಮ ಷರತ್ತನ್ನು ಪೂರೈಸಲು ನಾನು ಪಟ್ಟ ಪಾಡೇನೆಂಬುದು ನಿಮಗೆ ತಿಳಿಯಲಿ ಎಂದಷ್ಟೇ ಬರೆಯುತ್ತಿದ್ದೇನೆ. ನಿಮಗೆ ಅನುಕೂಲವಾದ ಭಾಗ ಮಾತ್ರ ನೆನಪಿನಲ್ಲಿ ಉಳಿಯುವುದರಿಂದ, ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ನನ್ನ ತವರೂರು ಕುಷ್ಟಗಿಗೆ ರೈಲು ಬಂತು. ನಮ್ಮ ಅಪ್ಪ, ಅವರ ಅಪ್ಪ ‘ಬರತೈತಿ, ಬರತೈತಿ’ ಎನ್ನುತ್ತಲೇ ಹೋದ ರೈಲು. ನೀವು ಹಾರ ಹಿಡಿದು ಅಲ್ಲಿಗೆ ಹೋದಿರಿ. ಸೇವೆಯುದ್ದಕ್ಕೂ ಗಾಡಿ ಓಡಿಸಿದವರು, ಮೊದಲ ಸಲ ರೈಲು ಕಂಡವರಂತೆ ಆ ಗದ್ದಲದಲ್ಲಿ ನುಗ್ಗಿ ಚಪ್ಪಲಿ ಕಳೆದುಕೊಂಡು ಬಂದಿರಿ. ಅದೇ ವಾರ ಕಪಾಟಿನ ಮೇಲಿನ ಪೆಟ್ಟಿಗೆ ಕೆಳಗಿಳಿಯಿತು. ಹುಬ್ಬಳ್ಳಿಯ ನಿವೃತ್ತ ಅಧಿಕಾರಿಯೊಬ್ಬರು ವರ್ಷಗಳ ಹಿಂದೆ ನಿಮಗೆ ಪ್ರೀತಿಯಿಂದ ಕೊಟ್ಟಿದ್ದ, ತೋಳಿನಷ್ಟು ಉದ್ದದ ವಿದೇಶಿ ಮಾದರಿ ಎಂಜಿನ್ ಅದು. ಅದರ ಟೆಂಡರಿನ ಎರಡೂ ಬದಿಗೆ, ಎಂದರೆ ಕಲ್ಲಿದ್ದಲು ತುಂಬುವ ಹಿಂದಿನ ಡಬ್ಬಿಯ ಮೇಲೆ, ಯಾವುದೋ ದೇಶದ ಯಾವುದೋ ಕಂಪನಿಯ ಹೆಸರು ಹಳದಿ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕಾರ್ಖಾನೆಯ ಆ ಅಕ್ಷರಗಳನ್ನು ತೆಗೆದು, ಮೈಯೆಲ್ಲ ಕಪ್ಪು ಬಳಿದು, ನೀವು ಫೈರ್‌ಮನ್ ಆಗಿ ಕಲ್ಲಿದ್ದಲು ಎಸೆದ ಹುಬ್ಬಳ್ಳಿ ಷೆಡ್ಡಿನ ಮೀಟರ್ ಗೇಜ್ ಎಂಜಿನ್ನಿನ ರೂಪಕ್ಕೆ ತರುತ್ತೇನೆಂದಿರಿ. ನಾನು ಬೇಡವೆನ್ನಲಿಲ್ಲ. ನನ್ನ ಓದುವ ಮೇಜು ಬಿಟ್ಟುಕೊಟ್ಟೆ. ಊಟಕ್ಕೆ ಬನ್ನಿರೆಂದು ಕೂಗಿದರೆ ಕೈ ನಡುಗುತ್ತದೆಂದಿರಿ, ಕೂಗುವುದನ್ನೂ ಬಿಟ್ಟೆ. ಅಷ್ಟರಲ್ಲಿ ಓಣಿಯಲ್ಲಿ ಕಂಡಕಂಡವರಿಗೆಲ್ಲ, ಖಂಡೇಪೂಜೆಯ ದಿನ ಬಂದು ನೋಡಿರಿ ಎಂದು ಆಮಂತ್ರಣ ಕೊಟ್ಟವರೂ ನೀವೇ.

ಆ ಬೆಳಿಗ್ಗೆ ಪಡಸಾಲೆಯಲ್ಲಿ ಪೂಜೆಗೆ ಇಟ್ಟದ್ದು ಕುಡಗೋಲು, ಇಳಿಗೆ, ಹೊಲಿಗೆ ಯಂತ್ರ, ನಿಮ್ಮ ಸ್ಪ್ಯಾನರುಗಳು, ನನ್ನ ಕಂಪಾಸು ಪೆಟ್ಟಿಗೆ, ಮಿಕ್ಸರು. ಅವುಗಳ ನಡುವೆ ಸ್ಟೂಲಿನ ಮೇಲೆ ಬಿಳಿ ಟವೆಲು ಹಾಸಿ ನೀವೇ ತಂದಿಟ್ಟ ಎಂಜಿನ್. ಯಾರೂ ಮುಟ್ಟಬೇಡಿ ಎಂದು ಬಂದವರಿಗೆ ಹೇಳುತ್ತಿದ್ದಿರಿ, ನಿಜ. ಪೂಜೆ ಮಾಡುವ ಹೆಂಡತಿಯೂ ಆ ಬಂದವರಲ್ಲಿ ಒಬ್ಬಳೆಂದು ನನಗೆ ಹೊಳೆಯಲಿಲ್ಲ. ಸೇವೆಯಲ್ಲಿದ್ದಾಗ ಷೆಡ್ಡಿನ ಎಂಜಿನ್ನಿಗೆ ಬಾಳೆಕಂಬ ಕಟ್ಟಿ, ಬಾಯ್ಲರಿನ ಮುಖಕ್ಕೆ ಅಂಗೈ ಅಗಲದ ವಿಭೂತಿ ಬಳಿದು, ಗಾಲಿಯಡಿ ನಿಂಬೆಹಣ್ಣು ಇಟ್ಟು ಓಡಿಸಿ, ಆ ಪ್ರಸಾದದ ಮಂಡಕ್ಕಿಯನ್ನು ಮನೆಗೆ ತರುತ್ತಿದ್ದವರು ನೀವು. ಅಷ್ಟು ದೊಡ್ಡ ಎಂಜಿನ್ನಿಗೆ ಒಗ್ಗಿದ ವಿಭೂತಿ ಇಷ್ಟು ಚಿಕ್ಕದಕ್ಕೆ ಒಗ್ಗದೆಂದು ನಾನು ಯಾವ ಆಧಾರದಿಂದ ಊಹಿಸಬೇಕಿತ್ತು?

ಮೂರು ಬೆರಳು ಎಳೆದೆ. ಬೆರಳು ಜಾರಲಿಲ್ಲ, ಹೂತುಕೊಂಡವು. ಏನಾಯಿತೆಂದು ತಿಳಿಯುವ ಮೊದಲೇ, ರೂಢಿಯಂತೆ ನಡುವೆ ಕುಂಕುಮವನ್ನೂ ಇಟ್ಟಿದ್ದೆ. ಗಾಬರಿಯಿಂದ ಸೆರಗಿನ ಅಂಚನ್ನು ಒದ್ದೆ ಮಾಡಿ ಒರೆಸಿದೆ. ಕರಿ, ಬಿಳಿ, ಕೆಂಪು ಒಂದರೊಳಗೊಂದು ಕಲೆಸಿ ಎಂಜಿನ್ನಿನ ಮುಖ ಪೂರ್ತಿ ಕೆಟ್ಟುಹೋಯಿತು. ಆಗ ನೀವು ಆಡಿದ್ದು: ‘ಮಂದಿ ಮಕ್ಕಳಿಗೆ ವಿಜ್ಞಾನ ಕಲಿಸಿದಾಕಿ, ಹಸಿ ಬಣ್ಣ ಯಾವುದು, ಒಣಾ ಬಣ್ಣ ಯಾವುದು, ನಿನಗ ಗೊತ್ತಾಗಂಗಿಲ್ಲೇನು?’ ಎದುರುಮನೆಯ ಅನ್ನಪೂರ್ಣ ಇದ್ದಳು. ನಿಮ್ಮ ಹಳೆಯ ಜೊತೆಗಾರ ಶಬ್ಬೀರಸಾಬರು ಇದ್ದರು. ಯಲಬುರ್ಗಿಯ ಶಾಲೆಯಿಂದ ಬಂದ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳೂ ಇದ್ದರು. ಅವರೆಲ್ಲರ ಎದುರು ಹಾಗೆಂದು, ಹೊಸ್ತಿಲಿನ ಮಾತನ್ನೂ ಆಡಿ, ಚೀಲ ಹೆಗಲಿಗೆ ಹಾಕಿಕೊಂಡು ನಡೆದಿರಿ. ನಾನು ಆಗಲಿ ಎಂದೆ. ಮತ್ತೇನು ಹೇಳಬೇಕಿತ್ತು? ಮರುದಿನ ಬನ್ನಿ ಕೊಡಲು ಬಂದವರೆಲ್ಲ ಸಾಹೇಬರು ಎಲ್ಲಿ ಎಂದರು. ತಂಗಿಗೆ ಬನ್ನಿ ಕೊಡಲು ಗಂಗಾವತಿಗೆ ಹೋಗಿದ್ದಾರೆ ಎಂದು ಒಬ್ಬೊಬ್ಬರಿಗೂ ಹೇಳಿದೆ. ಒಬ್ಬರೂ ನಂಬಲಿಲ್ಲ. ಬನ್ನಿಯನ್ನು ಮಾತ್ರ ತೆಗೆದುಕೊಂಡು ಹೋದರು.

ಕೆಲವು ದಿನ ನಾನು ಅದನ್ನು ಮುಟ್ಟಲಿಲ್ಲ. ಬಟ್ಟೆ ಮುಚ್ಚಿ ಅದೇ ಸ್ಟೂಲಿನ ಮೇಲೆ ಬಿಟ್ಟಿದ್ದೆ. ಆದರೆ ತಪ್ಪಾದ ಕೆಲಸವೊಂದು ಕಣ್ಣೆದುರು ಇದ್ದರೆ ನನಗೆ ಅನ್ನ ರುಚಿಸುವುದಿಲ್ಲ. ಅದು ನಿಮಗೂ ಗೊತ್ತು. ಒಂದು ಮುಂಜಾನೆ ಕನ್ನಡಕ ಹಾಕಿಕೊಂಡು ಕೂತೆ.

ಮೊದಲು ಹಳೆಯ ಬಣ್ಣ ತೆಗೆಯಬೇಕಿತ್ತು. ಜವಾಹರ ರಸ್ತೆಯಲ್ಲಿ ಬಣ್ಣದ ಅಂಗಡಿ ಇಟ್ಟಿರುವ ರವಿಕುಮಾರ ಯಲಬುರ್ಗಿಯಲ್ಲಿ ನನ್ನ ವಿದ್ಯಾರ್ಥಿ. ತರಗತಿಯಲ್ಲಿದ್ದಾಗಲೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವನು. ಎಂಜಿನ್ನಿಗೆ ಎಂದೊಡನೆ ಟ್ರಾಕ್ಟರಿನ ಎಂಜಿನ್ನಿಗೆ ಹಾಕುವ, ಕಾವು ತಡೆಯುವ ಬಣ್ಣ ತಂದಿಟ್ಟ. ಅಲ್ಲವೆಂದೆ. ಹಾಗಾದರೆ ಗೇಟಿಗೋ ಗ್ರಿಲ್ಲಿಗೋ ಎಂದ. ಪ್ಲಾಸ್ಟಿಕ್ಕಿನ ಆಟದ ಎಂಜಿನ್ನಿಗೆ ಎಂದು ಹೇಳಿಸಿಕೊಂಡ ಮೇಲೆ ಥಿನ್ನರ್ ಕೊಟ್ಟು, ಹತ್ತಿಯಿಂದ ಒರೆಸಿದರೆ ಎಲ್ಲ ಹೋಗುತ್ತದೆಂದ. ಎಲ್ಲವೂ ಎಂದರೆ ಏನೇನು ಎಂದು ಕೇಳುವಷ್ಟರಲ್ಲಿ ಅವನು ಮುಂದಿನ ಗಿರಾಕಿಯತ್ತ ತಿರುಗಿದ್ದ. ಪುಣ್ಯಕ್ಕೆ ನಾನು ಅದನ್ನು ಎಂಜಿನ್ನಿನ ತಳಭಾಗದಲ್ಲಿ, ಕಾಣದ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿದೆ. ಪ್ಲಾಸ್ಟಿಕ್ಕೇ ಬೆಲ್ಲದಂತೆ ಮೆತ್ತಗಾಯಿತು. ಥಿನ್ನರ್ ಡಬ್ಬಿಯನ್ನು ಅವನಿಗೇ ಹಿಂದಿರುಗಿಸಿ, ಔಷಧದ ಅಂಗಡಿಯಿಂದ ಗಾಯ ತೊಳೆಯುವ ಸ್ಪಿರಿಟ್ ತಂದೆ.

ಸ್ಪಿರಿಟ್ ಹಚ್ಚಿದರೆ ನಿಮ್ಮ ಕಪ್ಪು ಬಣ್ಣ ಕೆನೆಯಂತೆ ಸುಲಿದು ಬಂತು. ಸರಿಯಾಗಿ ಒಣಗಿದ ಬಣ್ಣ ಅಷ್ಟು ಸುಲಭವಾಗಿ ಬರುವುದಿಲ್ಲ. ನನ್ನ ಅನುಮಾನ ಅಲ್ಲಿಂದ ಆರಂಭವಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಬಣ್ಣದಡಿಯಲ್ಲಿ ನನಗೆ ಕಂಡದ್ದನ್ನು ಮೊದಲು ಕೇಳಿರಿ. ಟೆಂಡರಿನ ಬಲಬದಿಯ ಅಕ್ಷರಗಳನ್ನು ನೀವು ಬ್ಲೇಡಿನಿಂದ ಕೆರೆದು ತೆಗೆದಿದ್ದಿರಿ. ಅಕ್ಷರಗಳ ಜೊತೆಗೆ ಮೈಯನ್ನೂ ಗೀರಿದ್ದಿರಿ. ಎಡಬದಿಗಂತೂ ಅಕ್ಷರಗಳು ಒಂದೂ ಕುಂದಿಲ್ಲದೆ ಹಾಗೇ ಇದ್ದವು. ಅವುಗಳ ಮೇಲೆಯೇ ಬಣ್ಣ ಬಳಿದಿದ್ದಿರಿ. ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರಿಂದ ನೋಡಲು ಬಂದವರಿಗೆ ತಿಳಿಯಲಿಲ್ಲ. ನಿನ್ನೆಯ ಪಾಠವನ್ನು ಅಳಿಸದೆ ಹಲಗೆಯ ಮೇಲೆ ಇಂದಿನ ಪಾಠ ಬರೆದಿದ್ದರೆ ನನ್ನನ್ನು ಯಾವ ಮುಖ್ಯೋಪಾಧ್ಯಾಯರೂ ಶಾಲೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಅಕ್ಷರ ತೆಗೆಯುವ ಕೆಲಸ ನೀವು ತಿಳಿದಷ್ಟು ಸುಲಭವಲ್ಲ. ನಾನು ತಿಳಿದಷ್ಟು ಸುಲಭವೂ ಅಲ್ಲವೆಂದು ಒಪ್ಪುತ್ತೇನೆ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಅಕ್ಷರದ ಮೇಲೆ ಒತ್ತಿ ಹಿಡಿಯಬೇಕು. ಅದು ಮೆತ್ತಗಾಗುವವರೆಗೆ ಕಾಯಬೇಕು. ಅವಸರದಿಂದ ಉಜ್ಜಿದರೆ ಹಳದಿ ಬಣ್ಣ ಹರಡಿ ಕೆಳಗಿನ ಮೈಗೆ ಇಳಿಯುತ್ತದೆ. ತಡಮಾಡಿದರೆ ಸ್ಪಿರಿಟ್ ಆರಿ ಅಕ್ಷರ ಮತ್ತೆ ಗಟ್ಟಿಯಾಗುತ್ತದೆ. ನಡುವಿನ ಆ ಕ್ಷಣದಲ್ಲಿ ಹಲ್ಲುಕಡ್ಡಿಯ ತುದಿಯಿಂದ ಅಂಚಿನಿಂದ ಒಳಕ್ಕೆ ದೂಡಬೇಕು. ಅಕ್ಷರ ಹೋದ ಮೇಲೂ ಅದು ಇದ್ದ ಜಾಗ ನುಣ್ಣಗೆ ಹೊಳೆಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಪೂರ್ತಿ ಹೆಸರು ಓದಿಸಿಕೊಳ್ಳುತ್ತದೆ. ಅದನ್ನು ವಾಟರ್ ಪೇಪರ್ ಎಂಬ ನುಣುಪಾದ ಉಜ್ಜುಕಾಗದದಿಂದ, ನೀರು ಬಿಟ್ಟುಕೊಳ್ಳುತ್ತ, ಮಗುವಿನ ಮೈ ಉಜ್ಜಿದಷ್ಟು ಹಗುರವಾಗಿ ಉಜ್ಜಬೇಕು. ಕುತ್ತಿಗೆ ಹಿಡಿದುಕೊಳ್ಳುತ್ತದೆ. ಎದ್ದು ನಿಂತರೆ ಮೊಣಕಾಲು ಕೇಳುವುದಿಲ್ಲ. ಅನ್ನಪೂರ್ಣ ದಿನವೂ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಒಂದು ದಿನ, ‘ಅಕ್ಕೋರ, ಇಷ್ಟು ಭಾಂಡೆ ತಿಕ್ಕಿದ್ರ ಮನಿ ಕನ್ನಡಿ ಆಕ್ಕಿತ್ತು. ಹೊಸಪೇಟ್ಯಾಗ ಇಂಥಾವು ಹಂಗ ಸಿಗತಾವ, ಬ್ಯಾಟರಿ ಹಾಕಿದ್ರ ಸೀಟಿನೂ ಹೊಡಿತಾವ,’ ಎಂದಳು. ಕೈಯಲ್ಲಿದ್ದ ಹಲ್ಲುಕಡ್ಡಿ ಮುರಿದದ್ದು ಆಗಲೇ.

ಇನ್ನು ಅನುಮಾನದ ವಿಷಯ. ಎಂಜಿನ್ನಿನ ಒಳಮೂಲೆಗಳಲ್ಲಿ, ಗಾಲಿಗಳ ಹಿಂದೆ, ಬೆರಳಿಗೆ ಜಿಡ್ಡು ತಾಗುತ್ತಿತ್ತು. ಮೂಸಿ ನೋಡಿದೆ. ಸೀಮೆಎಣ್ಣೆಯ ವಾಸನೆ. ನಿಮ್ಮ ಉಪಕರಣಗಳ ಪೆಟ್ಟಿಗೆ ತೆರೆದರೆ ಎಣ್ಣೆಯಲ್ಲಿ ನೆನೆದ ಕಾಟನ್ ವೇಸ್ಟಿನ ಉಂಡೆ ಇತ್ತು. ಷೆಡ್ಡಿನಲ್ಲಿ ನಿಮಗೆ ಕಲಿಸಿದ ಮೊದಲ ವಿದ್ಯೆಯೇ ಅದು: ಎಣ್ಣೆ ಕುಡಿಸಿದ ಹತ್ತಿಯಿಂದ ಎಂಜಿನ್ನಿನ ಮೈ ಒರೆಸಿ ಮಿಂಚಿಸುವುದು. ಉಕ್ಕಿನ ಎಂಜಿನ್ನಿಗೆ ಅದು ಸರಿ, ಒರೆಸಿದ ಮೇಲೆ ಅದಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ. ನೀವು ಅದೇ ರೂಢಿಯಿಂದ ಈ ಎಂಜಿನ್ನನ್ನೂ ಒರೆಸಿ, ತೊಳೆಯದೆ, ಅದರ ಮೇಲೆ ಬಣ್ಣ ಹಚ್ಚಿದ್ದಿರಿ. ಎಣ್ಣೆಯ ಮೇಲಿನ ಬಣ್ಣ ಎಂದಾದರೂ ಒಣಗುವುದುಂಟೇ?

ಆದರೆ ಊಹೆಯಿಂದ ಯಾರ ಮೇಲೂ ತಪ್ಪು ಹೊರಿಸುವವಳು ನಾನಲ್ಲ. ಎರಡು ಡಬ್ಬಿ ಮುಚ್ಚಳ ತೆಗೆದುಕೊಂಡೆ. ಒಂದನ್ನು ಸೋಪಿನಿಂದ ತೊಳೆದು ಒರೆಸಿದೆ. ಇನ್ನೊಂದನ್ನು ನಿಮ್ಮ ಕಾಟನ್ ವೇಸ್ಟಿನಿಂದ ಒರೆಸಿದೆ. ಎರಡಕ್ಕೂ ನಿಮ್ಮ ಡಬ್ಬಿಯ ಬಣ್ಣವನ್ನೇ ಒಂದೇ ಕುಂಚದಿಂದ ಹಚ್ಚಿ, ಧೂಳು ಕೂಡದಂತೆ ಸೊಳ್ಳೆಪರದೆಯಡಿ ಒಂದೇ ಕಡೆ ಇಟ್ಟೆ. ತೊಳೆದದ್ದು ಮರುದಿನವೇ ಒಣಗಿತು. ಎಣ್ಣೆಯದು ವಾರ ಕಳೆದರೂ ಬೆರಳಿಗೆ ಅಂಟುತ್ತಿತ್ತು. ಆಮೇಲೆ ಎರಡಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟೆ. ಒಣಗಿದ ಮುಚ್ಚಳದಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎರಡೂ ಹೋದವು, ಗುರುತೂ ಉಳಿಯಲಿಲ್ಲ. ಎಣ್ಣೆಯ ಮುಚ್ಚಳ ಥೇಟು ನಿಮ್ಮ ಎಂಜಿನ್ನಿನ ಮುಖದಂತಾಯಿತು. ಎಂದರೆ ಕೆಡಿಸಿದ್ದು ನನ್ನ ಪೂಜೆಯಲ್ಲ, ನಿಮ್ಮ ಎಣ್ಣೆ. ಹಸಿ ಬಣ್ಣ ಯಾವುದು ಎಂದು ಕೇಳಿದಿರಲ್ಲ, ನಿಮ್ಮ ಬಣ್ಣ ಹಸಿಯದೂ ಆಗಿರಲಿಲ್ಲ, ಒಣಗಿದ್ದೂ ಆಗಿರಲಿಲ್ಲ. ಅದು ಒಣಗದ ಬಣ್ಣ.

ಆ ಎರಡು ಮುಚ್ಚಳಗಳನ್ನು ತಟ್ಟೆಯಲ್ಲಿಟ್ಟು ದೀಪಾವಳಿಯ ಪಾಡ್ಯಕ್ಕಾಗಿ ಕಾದೆ. ಖಂಡೇಪೂಜೆಗೆ ಬಂದವರನ್ನೇ, ಒಬ್ಬರನ್ನೂ ಬಿಡದೆ, ಪಾಡ್ಯದ ಫಳಾರಕ್ಕೆ ಕರೆದಿದ್ದೆ. ಯಾರೆದುರು ಮಾತು ಕೇಳಿದ್ದೆನೋ ಅವರೆದುರೇ ಪ್ರಯೋಗ ತೋರಿಸುವುದು ನನ್ನ ಉದ್ದೇಶವಾಗಿತ್ತು. ಅದರಲ್ಲಿ ನನಗೆ ಈಗಲೂ ತಪ್ಪು ಕಾಣುವುದಿಲ್ಲ.

ಹಿಂದಿನ ದಿನ ಶಬ್ಬೀರಸಾಬರು ಬಂದರು. ನೀವು ಫೈರ್‌ಮನ್ ಆಗಿದ್ದ ಎಂಜಿನ್ನಿನ ಸಂಖ್ಯೆ ಏನೆಂದು ಕೇಳಲು ನಾನೇ ಕರೆಸಿದ್ದೆ. ಸಂಖ್ಯೆ ಬರೆದುಕೊಟ್ಟರು. ಚಹಾ ಕುಡಿಯುವಾಗ ಅವರ ಕಣ್ಣು ತಟ್ಟೆಯ ಮೇಲೆ ಬಿತ್ತು. ಇದೇನೆಂದು ಕೇಳಿದರು. ವಿವರಿಸಿದೆ, ನಾಳೆ ಎಲ್ಲರಿಗೂ ತೋರಿಸುವುದಾಗಿಯೂ ಹೇಳಿದೆ. ಅವರು ಬಸಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: ‘ವೈನಿ, ಬಣ್ಣ ಆರಿಲ್ಲ ಅನ್ನೂದು ಅವಗ ಗೊತ್ತಿತ್ತು. ಪೂಜಿ ಹಿಂದಿನ ದಿನಾನ ನನ್ನ ಮುಂದ ಹೆಬ್ಬಟ್ಟು ಒತ್ತಿ ತೋರಿಸ್ಯಾನ. ಮಂದಿನ ಕರದೇನಿ, ಈಗ ಏನ್ಮಾಡ್ಲಿ ಅಂತ ಭಾಳ ಒದ್ದಾಡಿದ. ಯಾರಿಗೂ ಹೇಳಬ್ಯಾಡ ಅಂದಾನ್ರಿ.’

ನನಗೆ ಬಂದ ಸಿಟ್ಟನ್ನು ಈ ಕಾಗದದ ಮೇಲೆ ಬರೆಯಲು ಸಾಧ್ಯವಿಲ್ಲ. ಬಣ್ಣ ಆರಿಲ್ಲವೆಂಬುದು ನಿಮಗೆ ಮೊದಲೇ ತಿಳಿದಿರಲಿಲ್ಲವೆಂದು ಆ ತನಕ ನಾನು ನಂಬಿದ್ದೆ. ತಿಳಿಯದೆ ತಪ್ಪು ಮಾಡುವವರನ್ನು ನಾನು ಜೀವಮಾನವೆಲ್ಲ ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೀವು ತಿಳಿದಿದ್ದಿರಿ. ನಾಳೆ ಬಣ್ಣ ಕೈಗೆ ಹತ್ತುತ್ತದೆ, ಜನರೆದುರು ಮುಖಭಂಗವಾಗುತ್ತದೆ ಎಂದು ತಿಳಿದೇ ಸ್ಟೂಲಿನ ಪಕ್ಕ ನಿಂತಿದ್ದಿರಿ. ಅಷ್ಟರಲ್ಲಿ ನನ್ನ ಮೂರು ಬೆರಳು ಬಂದವು. ನಿಮಗೆ ಅವು ದೇವರು ಕಳಿಸಿದಂತೆ ಕಂಡಿರಬೇಕು. ಶಬ್ಬೀರಸಾಬರಿಗೆ ಇನ್ನೊಂದು ಬಸಿ ಚಹಾ ಕೊಟ್ಟೆ. ಅವರು ಹೋದ ಮೇಲೆ ಮೂರು ಮನೆಗಾಗುವಷ್ಟು ಚಕ್ಕುಲಿ ಒತ್ತಿದೆ. ಅರ್ಧ ಹೊತ್ತಿಹೋದವು.

ಪಾಡ್ಯದ ದಿನ ಎಲ್ಲರೂ ಬಂದರು. ತಟ್ಟೆ ಬಟ್ಟೆ ಮುಚ್ಚಿಕೊಂಡು ನನ್ನ ಪಕ್ಕದಲ್ಲೇ ಇತ್ತು. ಎಂಜಿನ್ ಅಷ್ಟೊತ್ತಿಗೆ ಪ್ರೈಮರ್ ಹಚ್ಚಿಸಿಕೊಂಡು ಬೂದು ಬಣ್ಣದಲ್ಲಿ ನಿಂತಿತ್ತು. ಎಲ್ಲರೂ ಸುತ್ತ ಕೂತು ಅದನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅನ್ನಪೂರ್ಣ ಎಲ್ಲರಿಗೂ ಕೇಳುವಂತೆ, ‘ಅಲ್ರಿ ಅಕ್ಕೋರ, ಖರೇನ ನಿಮ್ಮ ಕುಂಕುಮದ್ದ ತಪ್ಪೇನ್ರಿ? ಸಾಹೇಬ್ರು ಅಷ್ಟು ಸಿಟ್ಟಾಗೂ ಹಂಗ?’ ಎಂದಳು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ಬಟ್ಟೆ ಸರಿಸುವುದೊಂದೇ ಬಾಕಿ. ಶಬ್ಬೀರಸಾಬರು ತಮ್ಮ ಟೊಪ್ಪಿಗೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು.

ನಾನು ಆಗ ಯೋಚಿಸಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಈ ಬಟ್ಟೆ ಸರಿಸಿದರೆ ನಾನು ಸರಿ ಎಂಬುದು ಇಂದೇ ಸಿದ್ಧವಾಗುತ್ತದೆ. ಸಂಜೆಯೊಳಗೆ ಓಣಿಯ ಕೊನೆಯ ಮನೆಗೂ ಮುಟ್ಟುತ್ತದೆ. ಆಮೇಲೆ ನೀವು ಈ ಓಣಿಗೆ ಕಾಲಿಡುವುದಿಲ್ಲ; ಎಂಜಿನ್ ಬಂಗಾರದ್ದಾದರೂ ಇಡುವುದಿಲ್ಲ. ನೀವು ಸಿಟ್ಟಿನಿಂದ ಗಂಗಾವತಿಯಲ್ಲಿ ಕೂತಿಲ್ಲ, ನಾಚಿಕೆಯಿಂದ ಕೂತಿದ್ದೀರಿ. ಸಿಟ್ಟಾಗಿದ್ದರೆ ಬನ್ನಿ ಒಣಗುವುದರೊಳಗೆ ಬಂದುಬಿಡುತ್ತಿದ್ದಿರಿ. ನಿಮ್ಮ ಸಿಟ್ಟಿನ ಆಯುಷ್ಯ ನನಗೆ ಗೊತ್ತು. ಸತ್ಯ ನನ್ನ ಕಡೆಗಿದೆ, ಸರಿ. ಆದರೆ ನೀವು ಗಂಗಾವತಿಯಲ್ಲಿದ್ದೀರಿ.

‘ಹೌದು,’ ಎಂದೆ. ‘ನಾ ನೋಡದ ಹಚ್ಚಿದೆ. ಬಣ್ಣ ಹಸೇದಿತ್ತು.’

ಅನ್ನಪೂರ್ಣ ಪಾಪ ಎಂದಳು. ಯಾರಿಗೆಂದು ಕೇಳಲಿಲ್ಲ. ಯಲಬುರ್ಗಿಯ ಸಹೋದ್ಯೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತಪ್ಪೊಪ್ಪಿಕೊಳ್ಳುವುದನ್ನು ಅವರು ಸೇವೆಯಲ್ಲಿ ಒಂದು ದಿನವೂ ಕಂಡವರಲ್ಲ. ಶಬ್ಬೀರಸಾಬರು ಟೊಪ್ಪಿಗೆ ಹಾಕಿಕೊಂಡು, ಚಕ್ಕುಲಿ ಭಾಳ ಛಲೋ ಆಗ್ಯಾವ ಎಂದರು. ಅವರ ಕೈಯಲ್ಲಿದ್ದದ್ದು ಹೊತ್ತಿದ ಚಕ್ಕುಲಿ. ಎಲ್ಲರೂ ಹೋದ ಮೇಲೆ ಎರಡೂ ಮುಚ್ಚಳಗಳನ್ನು ಕಸದ ಗಾಡಿಗೆ ಹಾಕಿದೆ. ಹಾಕುವಾಗ ಕೈ ಒಮ್ಮೆ ತಡೆಯಿತು. ಅಷ್ಟು ಸ್ವಚ್ಛವಾದ ಫಲಿತಾಂಶ ಶಾಲೆಯ ಪ್ರಯೋಗಾಲಯದಲ್ಲೂ ನನಗೆ ಎಂದೂ ಬಂದಿರಲಿಲ್ಲ.

ಇದು ತ್ಯಾಗವೆಂದು ತಿಳಿಯಬೇಡಿರಿ. ನನಗೆ ಇನ್ನೂ ಸಿಟ್ಟಿದೆ. ಓಣಿಯ ಮಟ್ಟಿಗೆ ತಪ್ಪು ನನ್ನದು. ನಮ್ಮ ಮನೆಯೊಳಗೆ ಮಾತ್ರ ಅದು ನಿಮ್ಮದು. ಬಾಗಿಲು ಹಾಕಿಕೊಂಡ ಮೇಲೆ ಒಂದು ಸಲ ನೀವು ಅದನ್ನು ಬಾಯಿ ಬಿಟ್ಟು ಹೇಳಬೇಕು. ಒಂದೇ ಸಲ ಸಾಕು. ಆಮೇಲೆ ನಾನು ಆ ವಿಷಯ ತೆಗೆಯುವುದಿಲ್ಲ. ತೆಗೆಯದಿರಲು ಪ್ರಯತ್ನಿಸುತ್ತೇನೆ.

ಪಾಡ್ಯದ ನಂತರ ಕಪ್ಪು ಬಳಿದೆ. ಕುಂಚದ ಗೆರೆ ಬೀಳುತ್ತದೆಂದು ಸ್ಪ್ರೇ ಡಬ್ಬಿ ತಂದೆ. ಒಮ್ಮೆಗೇ ದಪ್ಪಗೆ ಹೊಡೆಯದೆ, ಮಂಜು ಕೂತಷ್ಟು ತೆಳ್ಳಗೆ, ಒಂದು ಪದರ ಆರಿದ ಮೇಲೆ ಇನ್ನೊಂದು. ಗಾಳಿಯಲ್ಲಿ ಬರುವ ಕಾರ್ಖಾನೆಯ ಕರಿಧೂಳು ಇಲ್ಲಿ ನಿಮಗೆ ಗೊತ್ತೇ ಇದೆ. ಪ್ರತಿ ಸಲವೂ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಕೆಲಸ ಮಾಡಿದೆ. ಹೊಗೆಗೂಡಿನ ಹಿತ್ತಾಳೆ ಪಟ್ಟಿಗೆ ಟೇಪು ಅಂಟಿಸಿ ಉಳಿಸಿಕೊಂಡಿದ್ದೇನೆ. ಈಗ ಅದರ ಮೇಲೆ ಒಂದೂ ವಿದೇಶಿ ಅಕ್ಷರವಿಲ್ಲ. ಯಾವ ಬೆಳಕಿಗೆ ಹಿಡಿದು ನೋಡಿದರೂ ಇಲ್ಲ. ಬಣ್ಣ ಪೂರ್ತಿ ಒಣಗಿದೆ. ಹೆಬ್ಬಟ್ಟು ಒತ್ತಿ ನೋಡಿದ್ದೇನೆ.

ಸಂಖ್ಯೆಯನ್ನು ಬರೆದಿಲ್ಲ. ಶಬ್ಬೀರಸಾಬರು ಬರೆದುಕೊಟ್ಟ ಚೀಟಿ ನನ್ನಲ್ಲಿದೆ. ನನ್ನ ಅಂಕಿಗಳು ದುಂಡಾಗಿಯೂ ಇವೆ. ಆದರೂ ಬರೆಯಲು ಮನಸ್ಸಾಗಲಿಲ್ಲ. ಆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಎಸೆದವಳು ನಾನಲ್ಲ. ಬಿಳಿ ಬಣ್ಣದ ಚಿಕ್ಕ ಡಬ್ಬಿ, ತೆಳ್ಳನೆಯ ಕುಂಚ ಎರಡನ್ನೂ ತಂದಿಟ್ಟಿದ್ದೇನೆ. ಕುಂಚ ಹಿಡಿಯುವ ಮೊದಲು ಕೈಯನ್ನು ಸೋಪಿನಿಂದ ತೊಳೆದುಕೊಳ್ಳತಕ್ಕದ್ದು. ಕಾಟನ್ ವೇಸ್ಟಿನ ಉಂಡೆಯನ್ನು ನಾನು ಈಗಾಗಲೇ ಎಸೆದಿದ್ದೇನೆ, ಹುಡುಕಬೇಡಿರಿ.

ಮುಂದಿನ ಖಂಡೇಪೂಜೆಗೆ ವಿಭೂತಿ ಹಚ್ಚುತ್ತೇನೆ. ಹಚ್ಚದೆ ಬಿಡುವವಳಲ್ಲ.

ಇಷ್ಟು ಹೇಳಿ ಲೇಖನಿ ಕೆಳಗಿಡುವ,
ಲಲಿತಾ

ತಾ.ಕ.: ಈ ಕೊನೆಯ ಸಾಲುಗಳನ್ನು ಗಂಗಾವತಿಯಲ್ಲಿ, ಕಳಕಮ್ಮನ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ, ಆಸರೆಗೆ ಏನೂ ಇಲ್ಲದ್ದರಿಂದ ಅಕ್ಷರಗಳು ಓರೆಯಾಗಿವೆ. ಪತ್ರ ಹಿಡಿದು ಅಂಚೆಪೆಟ್ಟಿಗೆಯ ತನಕ ಹೋಗಿದ್ದೆ. ಇಂದು ರವಿವಾರ, ಅಂಚೆ ತೆಗೆಯುವುದಿಲ್ಲವೆಂದು ನನಗೆ ನಾನೇ ಕಾರಣ ಹೇಳಿಕೊಂಡು, ಮನೆಗೆ ಹೋಗಿ ಎಂಜಿನ್ ಎತ್ತಿಕೊಂಡು ಸ್ಟೇಷನ್ನಿಗೆ ನಡೆದೆ. ಗಾಡಿಯಲ್ಲಿ ಬಂದಷ್ಟು ದೂರವೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದೇನೆ. ನೀವು ಒಳಗೆ ಮಲಗಿದ್ದೀರಿ ಎಂದು ಕಳಕಮ್ಮ ಹೇಳಿದಳು. ಎಬ್ಬಿಸಬೇಡ, ಎದ್ದ ಮೇಲೆ ಈ ಪತ್ರ ಕೊಡು ಎಂದಿದ್ದೇನೆ. ಓದಿ ಮುಗಿದ ಮೇಲೆ ಮುಖ ತೊಳೆದುಕೊಂಡು, ಚೀಲ ತೆಗೆದುಕೊಂಡೇ ಹೊರಗೆ ಬನ್ನಿರಿ. ಸಂಜೆಯ ಗಾಡಿ ಇದೆ. ಎಂಜಿನ್ ಭಾರವಿದೆ, ಹೋಗುವಾಗ ನೀವು ಹಿಡಿದುಕೊಳ್ಳಬೇಕು.